ಕೆಡವಿದ ಮನೆಯ ಅಡಿಪಾಯ ಹೇಳಿದ್ದು

ಹಳೆಯ ಮನೆಯೊಂದನ್ನು ಕೆಡವುವ ಮೊದಲು ಪುರಾತತ್ವಜ್ಞರು ಅದರ ಗೋಡೆಯನ್ನೂ ನೆಲವನ್ನೂ ಒಟ್ಟಿಗೆ ಓದಬೇಕು. ಗಾರೆಯ ಮೇಲೆ ಕೂತ ಸುಣ್ಣಬಣ್ಣದ ಪದರಗಳು, ತೊಲೆ ಕೂರಿಸಿದ ಕಂಡಿಗಳು, ಮುಚ್ಚಿಹೋದ ಬಾಗಿಲಿನ ಗುರುತು, ಇವೆಲ್ಲ ಮನೆ ಹೇಗೆ ಬೆಳೆಯಿತೆಂದು ತಿಳಿಸುತ್ತವೆ. ಅಡಿಪಾಯ, ಬಾವಿ, ಕಸದ ಗುಂಡಿಗಳಿಂದ ಅಲ್ಲಿ ದುಡಿದವರ ಬದುಕು ತಿಳಿಯುತ್ತದೆ. ಅಮೆರಿಕದ ಫಿಲಡೆಲ್ಫಿಯಾ ನಗರದ ಮಾರ್ಕೆಟ್ ಸ್ಟ್ರೀಟಿನಲ್ಲಿದ್ದ ಒಂದು ಮನೆಯ ವಿಷಯದಲ್ಲಿ ಗೋಡೆಯ ಸಾಕ್ಷ್ಯವನ್ನು ನಾವು ಕಳೆದುಕೊಂಡೆವು.

1760ರ ದಶಕದಲ್ಲಿ ಮೇರಿ ಮಾಸ್ಟರ್ಸ್ ಎಂಬ ಸಿರಿವಂತ ವಿಧವೆ ಕಟ್ಟಿಸಿದ ಈ ಮನೆ ಮಗಳಿಗೆ ಬಳುವಳಿಯಾಗಿ ಹೋಯಿತು. 1780ರಲ್ಲಿ ಬೆಂಕಿಗೆ ತುತ್ತಾದ ಮೇಲೆ ವರ್ತಕ ರಾಬರ್ಟ್ ಮಾರಿಸ್ ಅದನ್ನು ಮತ್ತೆ ಕಟ್ಟಿಸಿದ. 1790ರಿಂದ 1797ರವರೆಗೆ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್, ಆಮೇಲೆ 1800ರವರೆಗೆ ಜಾನ್ ಆಡಮ್ಸ್ ಇಲ್ಲಿ ವಾಸವಾಗಿದ್ದರು. 1832ರಲ್ಲಿ ಮನೆಯ ಒಡಲನ್ನು ಕೆಡವಿ ಅಂಗಡಿಗಳನ್ನು ಎಬ್ಬಿಸಿದರೂ ಪಕ್ಕದ ಗೋಡೆಗಳು ನೆರೆಯ ಕಟ್ಟಡಗಳಿಗೆ ಅಂಟಿಕೊಂಡು 1951ರವರೆಗೆ ನಿಂತೇ ಇದ್ದವು. ಆ ವರ್ಷ ಹುಲ್ಲುಹಾಸಿನ ಉದ್ಯಾನಕ್ಕೆಂದು ಆ ಸಾಲನ್ನೆಲ್ಲ ನೆಲಸಮ ಮಾಡಿದಾಗ, ಅವು ಯಾವ ಮನೆಯ ಗೋಡೆಗಳೆಂಬುದು ಯಾರ ಗಮನಕ್ಕೂ ಬರಲಿಲ್ಲ. ನನಗೆ ಅತ್ಯಂತ ನೋವಾಗುವುದು ಈ ಮಾತಿಗೆ. ಕೆಲವು ದಿನ ಅಳತೆಪಟ್ಟಿ, ಕ್ಯಾಮೆರಾ ಹಿಡಿದು ನಿಂತಿದ್ದರೂ ಎಷ್ಟೋ ಉಳಿಯುತ್ತಿತ್ತು.

2007ರಲ್ಲಿ ಸ್ಮಾರಕ ಕಟ್ಟುವ ಮೊದಲು ಅಲ್ಲಿ ಉತ್ಖನನ ನಡೆಯಿತು. ಅಡಿಪಾಯಕ್ಕೆಂದು ತೋಡಿ ಮತ್ತೆ ತುಂಬಿದ ಮಣ್ಣಿನ ಬಣ್ಣವೂ ಬಿಗಿತವೂ ಸುತ್ತಲಿನ ಮಣ್ಣಿನಂತಿರುವುದಿಲ್ಲ. ಆ ತುಂಬುಮಣ್ಣಿನಲ್ಲಿ ಸಿಗುವ ಪಿಂಗಾಣಿ ಚೂರುಗಳಲ್ಲಿ ಯಾವುದು ಎಲ್ಲಕ್ಕಿಂತ ಈಚಿನದೋ, ಅದು ತಯಾರಾಗುವ ಮೊದಲು ಆ ಗೋಡೆ ಎದ್ದಿರಲಾರದು; ಗೋಡೆಯ ಕಾಲವನ್ನು ಗೊತ್ತುಮಾಡುವುದು ಹೀಗೆ. ಫಿಲಡೆಲ್ಫಿಯಾದಲ್ಲಿ ಬೆಳಕಿಗೆ ಬಂದದ್ದು ಬಿಲ್ಲಿನಂತೆ ಬಾಗಿದ ಅಡಿಪಾಯ, ಅಂದರೆ ಅತಿಥಿಗಳನ್ನು ಬರಮಾಡಿಕೊಳ್ಳಲೆಂದು ವಾಷಿಂಗ್ಟನ್ ಸೇರಿಸಿದ, ಗೋಡೆಯಿಂದ ಅರ್ಧವೃತ್ತವಾಗಿ ಹೊರಚಾಚಿದ ದೊಡ್ಡ ಕಿಟಕಿಯ ತಳಪಾಯ. ಅದಕ್ಕೆ ಕೆಲವೇ ಹೆಜ್ಜೆ ದೂರದಲ್ಲಿ ಅಡುಗೆಮನೆಯ ನೆಲಮಾಳಿಗೆ ಸಿಕ್ಕಿತು. ಅಲ್ಲಿಂದ ಮುಖ್ಯ ಮನೆಗೆ ಸಾಗುವ, ಇತಿಹಾಸಕಾರರಿಗೂ ಗೊತ್ತಿರದಿದ್ದ ಒಂದು ನೆಲದಡಿಯ ದಾರಿಯೂ ಸಿಕ್ಕಿತು. ಮೇಲಿನ ಕೋಣೆಯ ಅತಿಥಿಗಳ ಕಣ್ಣಿಗೆ ಬೀಳದಂತೆ ಆಳುಗಳೂ ಗುಲಾಮರೂ ಓಡಾಡುತ್ತಿದ್ದ ದಾರಿ ಇದು.

ವಾಷಿಂಗ್ಟನ್ ಈ ಮನೆಯಲ್ಲಿ ಒಂಬತ್ತು ಮಂದಿ ಗುಲಾಮರನ್ನು ಇಟ್ಟುಕೊಂಡಿದ್ದ. ಹೊರರಾಜ್ಯದವರ ಗುಲಾಮರು ಆರು ತಿಂಗಳು ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದರೆ ಬಿಡುಗಡೆ ಕೇಳಬಹುದೆಂಬ ಕಾನೂನಿದ್ದುದರಿಂದ, ಗಡುವು ಮುಗಿಯುವ ಮೊದಲೇ ಅವರನ್ನು ರಾಜ್ಯದ ಹೊರಗೆ ಕಳುಹಿಸಿ ಕರೆಸಿಕೊಳ್ಳುವ ಏರ್ಪಾಡು ಮಾಡಿದ್ದ. ಓನಿ ಜಡ್ಜ್ ಎಂಬ ಯುವತಿ 1796ರಲ್ಲಿ ಇದೇ ಮನೆಯಿಂದ ತಪ್ಪಿಸಿಕೊಂಡಳು. ಈ ಅಡುಗೆಮನೆಯಲ್ಲಿ ದುಡಿದ ಬಾಣಸಿಗ ಹರ್ಕ್ಯುಲಿಸ್ ಮರುವರ್ಷ ವರ್ಜೀನಿಯಾದಲ್ಲಿದ್ದ ವಾಷಿಂಗ್ಟನ್‌ನ ಎಸ್ಟೇಟಿನಿಂದ ಪರಾರಿಯಾದ.

ಉತ್ಖನನ ನೋಡಲೆಂದು ಕಟ್ಟಿದ್ದ ಅಟ್ಟಣಿಗೆಯ ಮೇಲೆ ಎರಡು ಲಕ್ಷಕ್ಕೂ ಹೆಚ್ಚು ಜನ ಬಂದು ನಿಂತರು. ಸ್ಮಾರಕ 2010ರಲ್ಲಿ ತೆರೆಯಿತು. ಪಕ್ಕದಲ್ಲೇ ಇರುವ ಲಿಬರ್ಟಿ ಬೆಲ್ ಎಂಬ ಗಂಟೆಯನ್ನು ನೋಡಲು ಬಂದವರು ಗಾಜಿನಡಿ ಇಣುಕಿದರೆ, ಬಾಗಿದ ಆ ಅಡಿಪಾಯವೂ ಅಡುಗೆಮನೆಯ ಕಲ್ಲುಗಳೂ ಒಟ್ಟಿಗೇ ಕಾಣಿಸುತ್ತವೆ.