ಸಾವಯವ ದ್ರಾವಕದಲ್ಲಿ ಕಿಣ್ವ: ನೀರಿನ ಲೆಕ್ಕ ಹಾಕುವುದು ಹೇಗೆ?

ಕಿಣ್ವಗಳು ಕೆಲಸ ಮಾಡುವುದು ನೀರಿನಲ್ಲಿ ಎಂದು ಪಿಯುಸಿಯಿಂದಲೂ ಓದಿಕೊಂಡು ಬಂದವರಿಗೆ 1984ರಲ್ಲಿ ಝಾಕ್ಸ್ ಮತ್ತು ಕ್ಲಿಬಾನೊವ್ ಪ್ರಕಟಿಸಿದ ಫಲಿತಾಂಶ ಬೆರಗು ಹುಟ್ಟಿಸುತ್ತದೆ. ಹಂದಿಯ ಮೇದೋಜ್ಜೀರಕ ಗ್ರಂಥಿಯ ಲೈಪೇಸ್ ಎಂಬ, ಕೊಬ್ಬನ್ನು ಒಡೆಯುವ ಕಿಣ್ವವನ್ನು ನೀರಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಕ್ಷಣಾರ್ಧದಲ್ಲಿ ಕೆಡುತ್ತದೆ. ಅದರ ಒಣ ಪುಡಿಯಾದರೋ, ನೀರಿನ ಅಂಶ ತೀರಾ ಕಡಿಮೆಯಿದ್ದ ಸಾವಯವ ಮಾಧ್ಯಮದಲ್ಲಿ (ಇಂಗಾಲದ ಸಂಯುಕ್ತಗಳ ದ್ರವದಲ್ಲಿ) ಅದೇ ಉಷ್ಣತೆಗೆ ಗಂಟೆಗಟ್ಟಲೆ ತಾಳಿಕೊಂಡಿತು. ನೀರು ಸೇರಿಸುತ್ತಾ ಹೋದಂತೆ ಅದರ ಆಯುಷ್ಯ ಇಳಿಯಿತು.

ಹಾಗೆಂದು ನೀರೇ ಬೇಡವೆಂದಲ್ಲ. ಪೂರ್ತಿ ಒಣಗಿದ ಪ್ರೋಟೀನಿನಲ್ಲಿ ವಿದ್ಯುದಾವೇಶವುಳ್ಳ ಗುಂಪುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಅಣು ಸೆಟೆದುಕೊಳ್ಳುತ್ತದೆ. ಆ ಗುಂಪುಗಳೊಡನೆ ನೀರಿನ ಅಣುಗಳು ಹೈಡ್ರೋಜನ್ ಬಂಧ ಬೆಳೆಸಿದಾಗ, ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟಂತೆ, ಅಣುವಿಗೆ ಚಲನೆ ಮರಳುತ್ತದೆ. ಇದಕ್ಕೆ ಬೇಕಾಗುವ ನೀರು ಅತ್ಯಲ್ಪ. ಆಕ್ಟೇನ್ ದ್ರಾವಕದಲ್ಲಿ ಕೈಮೋಟ್ರಿಪ್ಸಿನ್ ಎಂಬ ಕಿಣ್ವ ತನ್ನ ಪ್ರತಿ ಅಣುವಿಗೆ 50ಕ್ಕಿಂತ ಕಡಿಮೆ ನೀರಿನ ಅಣುಗಳಿದ್ದರೂ ಕೆಲಸ ಮಾಡುತ್ತದೆ. ಅಷ್ಟು ನೀರು ಅದರ ಮೇಲ್ಮೈಯನ್ನು ಒಂದು ಪದರವಾಗಿ ಮುಚ್ಚುವುದಕ್ಕೂ ಸಾಲದು.

ಇನ್ನು ನಾವೆಲ್ಲ ಎಡವುವ ಜಾಗ. ಹೆಕ್ಸೇನ್ ಮತ್ತು ಅಸಿಟೋನ್ ಎರಡಕ್ಕೂ ಒಂದೇ ಪ್ರಮಾಣದ ನೀರು ಹಾಕಿದರೆ ಕಿಣ್ವಕ್ಕೆ ಒಂದೇ ಪ್ರಮಾಣ ದಕ್ಕುವುದಿಲ್ಲ. ಹೆಕ್ಸೇನ್ ನೀರನ್ನು ಹತ್ತಿರ ಸೇರಿಸುವುದಿಲ್ಲವಾದ್ದರಿಂದ ನೀರು ಕಿಣ್ವದ ಮೇಲೆ ಕೂರುತ್ತದೆ. ಅಸಿಟೋನ್ ನೀರಿನೊಡನೆ ಎಷ್ಟು ಬೇಕಾದರೂ ಬೆರೆಯುವುದರಿಂದ ಕಿಣ್ವಕ್ಕೆ ಅಂಟಿದ್ದ ನೀರನ್ನೂ ಕಸಿದುಕೊಳ್ಳುತ್ತದೆ. ಆದ್ದರಿಂದ ‘ಶೇಕಡಾ 1 ನೀರು ಸೂಕ್ತ’ ಎಂಬ ಸಾಲು ಟಿಪ್ಪಣಿಯಲ್ಲಿ ಕಂಡರೆ, ಯಾವ ದ್ರಾವಕ, ಎಷ್ಟು ಕಿಣ್ವ ಎಂದು ಕೇಳಿ. ಉತ್ತರವಿಲ್ಲದಿದ್ದರೆ ಆ ಅಂಕಿಯಿಂದ ಉಪಯೋಗವಿಲ್ಲ.

ಹೋಲಿಕೆಗೆ ನಂಬಬಹುದಾದ ಅಳತೆ ಜಲ ಸಕ್ರಿಯತೆ, ಅಂದರೆ ಇರುವ ನೀರು ಎಷ್ಟರಮಟ್ಟಿಗೆ ಬಳಕೆಗೆ ಸಿಗುವಂತಿದೆ ಎಂಬುದರ ಅಳತೆ. ಶುದ್ಧ ನೀರಿಗೆ ಅದು 1. ವ್ಯವಸ್ಥೆ ಸಮತೋಲನಕ್ಕೆ ಬಂದಾಗ ದ್ರಾವಕ, ಕಿಣ್ವ, ಮೇಲಿನ ಗಾಳಿ ಮೂರರಲ್ಲೂ ಅದರ ಬೆಲೆ ಒಂದೇ. ಪ್ರಯೋಗಾಲಯದಲ್ಲಿ ಇದನ್ನು ನಿಗದಿಪಡಿಸುವುದು ಸುಲಭ: ಮುಚ್ಚಿದ ಪಾತ್ರೆಯ ತಳದಲ್ಲಿ ಒಂದು ಲವಣದ ಪರ್ಯಾಪ್ತ ದ್ರಾವಣ ಇಟ್ಟು, ಅದರ ಮೇಲೆ ಕಿಣ್ವದ ಪುಡಿಯನ್ನೂ ಪ್ರತ್ಯೇಕ ಬಾಟಲಿಯಲ್ಲಿ ದ್ರಾವಕವನ್ನೂ ತೆರೆದಿಡಬೇಕು. 25 ಡಿಗ್ರಿಯಲ್ಲಿ ಲಿಥಿಯಂ ಕ್ಲೋರೈಡ್ 0.11, ಮೆಗ್ನೀಸಿಯಂ ಕ್ಲೋರೈಡ್ 0.33, ಮೆಗ್ನೀಸಿಯಂ ನೈಟ್ರೇಟ್ 0.53, ಅಡುಗೆ ಉಪ್ಪು 0.75 ಕೊಡುತ್ತವೆ. ತಳದಲ್ಲಿ ಕರಗದ ಲವಣ ಉಳಿದಿರಲೇಬೇಕು, ಇಲ್ಲದಿದ್ದರೆ ಬೆಲೆ ಸ್ಥಿರವಾಗಿ ನಿಲ್ಲುವುದಿಲ್ಲ. ದ್ರಾವಕ ಆವಿಯಾಗುವುದರಿಂದ ಪ್ರಯೋಗಕ್ಕೆ ಮುನ್ನ ಅದರ ಪ್ರಮಾಣವನ್ನು ಮತ್ತೆ ಸರಿಪಡಿಸಿಕೊಳ್ಳಬೇಕು.

ಆರಂಭದಲ್ಲಿ ಸರಿಪಡಿಸಿದರೆ ಮುಗಿಯಲಿಲ್ಲ. ಆಮ್ಲ ಮತ್ತು ಆಲ್ಕೋಹಾಲ್ ಸೇರಿ ಎಸ್ಟರ್ ಆಗುವಾಗ ಪ್ರತಿ ಎಸ್ಟರ್ ಅಣುವಿನ ಜೊತೆ ನೀರಿನ ಒಂದು ಅಣುವೂ ಹುಟ್ಟುತ್ತದೆ. ಅದು ಶೇಖರವಾದಂತೆ ಜಲವಿಭಜನೆ (ನೀರು ಎಸ್ಟರನ್ನು ಮತ್ತೆ ಒಡೆಯುವ ಕ್ರಿಯೆ) ಬಲಗೊಂಡು ಇಳುವರಿ ಕುಗ್ಗುತ್ತದೆ. ಪುಡಿ ಒದ್ದೆಯಾಗಿ ಮುದ್ದೆ ಕಟ್ಟಿ ಗಾಜಿಗೆ ಮೆತ್ತಿಕೊಂಡರೆ ಒಳಗಿನ ಕಿಣ್ವಕ್ಕೆ ಕ್ರಿಯಾಧಾರ, ಅಂದರೆ ಅದು ಬದಲಾಯಿಸಬೇಕಾದ ವಸ್ತು, ತಲುಪುವುದೇ ಇಲ್ಲ. ಇದನ್ನು ತಡೆಯಲು ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಲವಣದ ಎರಡು ಬಗೆಯ ಹರಳುಗಳನ್ನು, ಅಂದರೆ ಪ್ರತಿ ಘಟಕಕ್ಕೆ 2 ನೀರಿನ ಅಣುಗಳಿರುವುದನ್ನೂ 7 ಇರುವುದನ್ನೂ ಒಟ್ಟಿಗೆ ಹಾಕಿದರೆ ಒಂದು ಹೆಚ್ಚಿನ ನೀರನ್ನು ಹೀರುತ್ತದೆ, ಇನ್ನೊಂದು ಕೊರತೆಯಾದಾಗ ಬಿಟ್ಟುಕೊಡುತ್ತದೆ. ಹೀಗೆ ಸಕ್ರಿಯತೆ ಸುಮಾರು 0.6ರಲ್ಲಿ ನಿಲ್ಲುತ್ತದೆ.

ಎಲ್ಲ ಕಿಣ್ವಗಳಿಗೂ ಒಂದೇ ಬೆಲೆ ಒಗ್ಗುವುದಿಲ್ಲ. ಕ್ಯಾಂಡಿಡಾ ಅಂಟಾರ್ಕ್ಟಿಕಾ ಎಂಬ ಯೀಸ್ಟಿನ ಲೈಪೇಸ್ ಬಿ ತೀರಾ ಒಣ ಸ್ಥಿತಿಯಲ್ಲೂ ಚುರುಕಾಗಿರುತ್ತದೆ, ಬೇರೆ ಹಲವು ಲೈಪೇಸ್‌ಗಳು ಅಲ್ಲಿ ಸ್ತಬ್ಧವಾಗುತ್ತವೆ. ಅಳೆಯುವಾಗಲೂ ಎಚ್ಚರವಿರಲಿ: ನೀರನ್ನು ಅಳೆಯುವ ರಾಸಾಯನಿಕ ವಿಧಾನವಾದ ಕಾರ್ಲ್ ಫಿಷರ್ ಅನುಮಾಪನ ಹೇಳುವುದು ಮಾದರಿಯಲ್ಲಿರುವ ಒಟ್ಟು ನೀರನ್ನು ಮಾತ್ರ. ಸಕ್ರಿಯತೆ ಬೇಕಿದ್ದರೆ ದ್ರವದ ಮೇಲಿನ ಗಾಳಿಯಲ್ಲಿ ಆರ್ದ್ರತೆಯ ಸಂವೇದಕ ಇಟ್ಟು ಓದಬೇಕು.