ಆರೈಕೆದಾರರ ಗುಂಪಿನಲ್ಲಿ ಸಾಲ ಎಷ್ಟು ಸಿಗುತ್ತದೆ?

ಪ್ರಶ್ನೆ: ನಮ್ಮೂರಲ್ಲಿ ಲಕ್ವ ಹೊಡೆದವರು, ಬುದ್ಧಿಮಾಂದ್ಯ ಮಕ್ಕಳು, ಮರೆವಿನ ಕಾಯಿಲೆಯವರು ಇರುವ ಹತ್ತು ಹನ್ನೆರಡು ಮನೆಗಳಿವೆ. ಅವರನ್ನು ನೋಡಿಕೊಳ್ಳುವವರ ಗುಂಪು ಕಟ್ಟಬೇಕೆಂದಿದ್ದೇವೆ. ನೋಂದಣಿ ಎಲ್ಲಿ ಮಾಡಿಸಬೇಕು? ವಾರಕ್ಕೆ ಉಳಿತಾಯ ಎಷ್ಟು? ಸಾಲ ಯಾವಾಗಿನಿಂದ?

ಉತ್ತರ: ನೋಂದಣಿ ಬೇಡ. ಉಳಿತಾಯ ಬೇಡ. ಸಾಲ ಸಿಗುವುದಿಲ್ಲ. ಇದು ಕಷ್ಟ ಹೇಳಿಕೊಳ್ಳುವ, ಆರೈಕೆ ಕಲಿಯುವ ಗುಂಪು. ಉತ್ತರ ಇಲ್ಲಿಗೇ ಮುಗಿಯಬೇಕಿತ್ತು. ಮುಂದಿನ ತಿಂಗಳು ಇದೇ ಪ್ರಶ್ನೆ ಇನ್ನೊಂದು ತಾಲ್ಲೂಕಿನಿಂದ ಬರುತ್ತದೆಂದು ಗೊತ್ತಿರುವುದರಿಂದ ಮತ್ತೊಮ್ಮೆ ಬಿಡಿಸಿ ಹೇಳುತ್ತೇವೆ.

ನಮ್ಮ ಹಳ್ಳಿಗಳಲ್ಲಿ ಸಂಘ ಎಂದರೆ ಸಾಲ. ಹಾಗೆ ಅಂದುಕೊಂಡವರದು ತಪ್ಪಲ್ಲ. 2000-01ರಲ್ಲಿ ಸರ್ಕಾರದ ಸ್ತ್ರೀಶಕ್ತಿ ಸ್ವಸಹಾಯ ಗುಂಪು ಬಂತು, ಆಮೇಲೆ ಸಂಜೀವಿನಿ ಗುಂಪು ಬಂತು, ಜೊತೆಗೆ ಮೈಕ್ರೋಫೈನಾನ್ಸ್‌ನವರೂ ಬಂದರು. ಎಲ್ಲರೂ ಹೆಂಗಸರನ್ನು ಸುತ್ತ ಕೂರಿಸಿ ಪುಸ್ತಕ ಬಿಚ್ಚಿದವರೇ. ಸಂಜೀವಿನಿಯ ಪಂಚಸೂತ್ರ ನಿಮಗೆ ಬಾಯಿಪಾಠ: ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಲೆಕ್ಕಪುಸ್ತಕ. ದುಡ್ಡಿನ ವ್ಯವಹಾರಕ್ಕೆ ಒಳ್ಳೆಯ ಸೂತ್ರ. ಆರೈಕೆದಾರರಿಗೆ ಅದೇ ಉರುಳು.

ಮಾವನಿಗೆ ಜ್ವರ ಏರಿ ಜಿಲ್ಲಾಸ್ಪತ್ರೆ ಸೇರಿದ ವಾರ ಸೊಸೆ ಸಭೆಗೆ ಬರುವುದಿಲ್ಲ, ಕಂತೂ ಕಟ್ಟುವುದಿಲ್ಲ. ಮುಂದಿನ ವಾರ ಎರಡು ಕಂತು, ಮೇಲೆ ಗೈರುಹಾಜರಿ ದಂಡ. ಮೂರನೆಯ ವಾರ ಅವಳು ಆ ಬೀದಿಯಲ್ಲೇ ಓಡಾಡುವುದಿಲ್ಲ. ಗುಂಪು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವಳೇ ಮೊದಲು ಹೊರಗೆ. “ತಿಂಗಳಿಗೆ ಇಪ್ಪತ್ತೇ ರೂಪಾಯಿ ಇಟ್ಟರೆ?” ಎಂದು ಕೇಳುತ್ತೀರಿ. ತೊಂದರೆ ಇಪ್ಪತ್ತರಲ್ಲಿಲ್ಲ, ಬಾಕಿ ಎಂಬ ಮಾತಿನಲ್ಲಿದೆ.

ಇನ್ನೊಂದು ತೊಂದರೆ ಇದಕ್ಕಿಂತ ಆಳದ್ದು. “ನಿನ್ನೆ ತಡೆಯಲಾರದೆ ಅತ್ತೆಗೆ ಕೈ ಎತ್ತಿಬಿಟ್ಟೆ” ಎಂದು ಹೇಳಿಕೊಳ್ಳುವ ಜಾಗ ಈ ಗುಂಪು. ಪಕ್ಕದಲ್ಲಿ ಕೂತವಳು ನಿಮ್ಮ ಸಾಲಕ್ಕೆ ಜಾಮೀನು ಹಾಕಿದವಳಾದರೆ ಆ ಮಾತು ಬಾಯಿಂದ ಬರುವುದಿಲ್ಲ. ಸಾಲ ಬೇಕೇ ಬೇಕೆಂದರೆ ಸಂಜೀವಿನಿಯಲ್ಲಿ ಅಂಗವಿಕಲರಿಗಾಗಿ ಐದು ಜನರಿಂದಲೂ ಸ್ವಸಹಾಯ ಗುಂಪು ಮಾಡಬಹುದು. ಅದನ್ನು ಬೇರೆಯಾಗಿ ಮಾಡಿ, ಬೇರೆ ದಿನ ಸೇರಿ.

ಈಗ ಮಾಡಬೇಕಾದ ಕೆಲಸ. ಎಂಟರಿಂದ ಹನ್ನೆರಡು ಜನ ಸಾಕು, ಹದಿನೈದಾದರೆ ಅರ್ಧ ಜನ ಬಾಯಿ ಬಿಡುವುದಿಲ್ಲ. ಮನೆಗಳ ಪಟ್ಟಿ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ ಮತ್ತು ಆಶಾ ಕಾರ್ಯಕರ್ತೆಯ ತಲೆಯಲ್ಲಿ ಇರುತ್ತದೆ. ಇಬ್ಬರೂ ಜನರನ್ನು ಕರೆತರಲಿ, ಮಾತು ಶುರುವಾದ ಮೇಲೆ ಎದ್ದು ಹೋಗಲಿ. ಒಂದೇ ಮನೆಯ ಅತ್ತೆ ಸೊಸೆಯನ್ನು ಒಂದೇ ಗುಂಪಿಗೆ ಹಾಕಬೇಡಿ.

ಜಾಗ? ದೇವಸ್ಥಾನದ ಜಗಲಿ ಬೇಡ, ಎಲ್ಲ ಕೇರಿಯವರೂ ಬರುವುದಿಲ್ಲ, ಏಕೆಂದು ನಾವು ಹೇಳಬೇಕಾಗಿಲ್ಲ. ಯಾರದೇ ಮನೆಯೂ ಬೇಡ. ಹಾಲಿನ ಡೇರಿ ಕಟ್ಟಡ ಬೆಳಗಿನ ಹಾಲು ಹೋದ ಮೇಲೆ ಸಂಜೆಯವರೆಗೆ ಖಾಲಿ, ಕಾರ್ಯದರ್ಶಿಯನ್ನು ಕೇಳಿ ನೋಡಿ. ತಿಂಗಳಿಗೊಮ್ಮೆ, ಮಧ್ಯಾಹ್ನ ಎರಡರಿಂದ ಮೂರೂವರೆ, ಸಂತೆಯ ದಿನ ಬಿಟ್ಟು. ಮಂಗಳವಾರವೂ ಬೇಡ. ಅಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮನೋವೈದ್ಯರು ಬರುವ ದಿನ, ಹಲವರು ಅಲ್ಲಿರುತ್ತಾರೆ.

ಗುಂಪು ಮುರಿಯುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಆ ಹೊತ್ತಿನಲ್ಲಿ ರೋಗಿಯ ಬಳಿ ಯಾರು? ಇದನ್ನು ಮೊದಲ ಸಭೆಗೆ ಮುಂಚೆಯೇ ತೀರ್ಮಾನಿಸಿ. ಅಕ್ಕಪಕ್ಕದ ಇಬ್ಬರು ಜೋಡಿಯಾಗಲಿ. ಈ ತಿಂಗಳು ಒಬ್ಬಳು ಸಭೆಗೆ, ಇನ್ನೊಬ್ಬಳು ಎರಡೂ ಮನೆಗೆ. ಮುಂದಿನ ತಿಂಗಳು ಅದಲು ಬದಲು.

ಸಭೆಯ ಮೊದಲ ಮುಕ್ಕಾಲು ಗಂಟೆ ಒಬ್ಬೊಬ್ಬರಿಗೆ ಐದು ನಿಮಿಷ. ಯಾರೂ ಬುದ್ಧಿ ಹೇಳಕೂಡದು (ಕಷ್ಟ, ಗೊತ್ತು). ಆಮೇಲೆ ಒಂದೇ ಒಂದು ಕೈಕೆಲಸ, ಒಬ್ಬರ ಮೇಲೊಬ್ಬರು ಮಾಡಿ ಕಲಿಯಿರಿ. ಮೊದಲಿಗೆ ಹಾಸಿಗೆ ಹುಣ್ಣನ್ನೇ ತೆಗೆದುಕೊಳ್ಳಿ: ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಎಳೆಯದೆ ಮಡಿಸಿದ ಬೆಡ್‌ಶೀಟ್ ಹಿಡಿದು ಸರಿಸಬೇಕು. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ. ನಡುವೆ ತೂತಿರುವ ಗಾಳಿ ಟ್ಯೂಬಿನ ಮೇಲೆ ಕೂರಿಸಬೇಡಿ, ಅದರ ಅಂಚು ಸುತ್ತಲಿನ ರಕ್ತಸಂಚಾರವನ್ನೇ ಒತ್ತಿಹಿಡಿಯುತ್ತದೆ. ಕೊನೆಯ ಹದಿನೈದು ನಿಮಿಷ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಪಿಂಚಣಿ ಇತ್ಯಾದಿ ಕಾಗದಪತ್ರಕ್ಕೆ. ನಡುರಾತ್ರಿ ತಡೆಯಲಾಗದಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ಎಲ್ಲರೂ ಮೊಬೈಲಿನಲ್ಲಿ ಉಳಿಸಿಕೊಳ್ಳಲಿ.

ನೀವು ಕೇಳದ ಒಂದು ಪ್ರಶ್ನೆಯಿದೆ. ಮನೆಯ ರೋಗಿ ತೀರಿಹೋದರೆ ಅವರನ್ನು ನೋಡಿಕೊಳ್ಳುತ್ತಿದ್ದವಳು ಗುಂಪಿನಲ್ಲಿ ಇರಬಹುದೇ? ಇರಲೇಬೇಕು. ತಿಥಿ ಮುಗಿದ ಮಾರನೆಯ ದಿನವೇ ಹೆಸರು ತೆಗೆಯಬೇಡಿ. ಏಳೆಂಟು ವರ್ಷ ಗಂಟೆ ಗಂಟೆಗೂ ಒಬ್ಬರಿಗಾಗಿ ಎದ್ದವಳಿಗೆ ದಿಢೀರನೆ ಏನೂ ಕೆಲಸವಿಲ್ಲ. ಬರಲಿ, ಸುಮ್ಮನೆ ಕೂತರೂ ಸರಿ. ಕೆಲವು ತಿಂಗಳಾದ ಮೇಲೆ ಜೋಡಿಯಿಲ್ಲದ ಮನೆಗೆ ಹೋಗಿ ಕೂರಬಲ್ಲಳೇ ಎಂದು ಕೇಳಿ, ಒತ್ತಾಯ ಬೇಡ. ಗಾಳಿ ಹಾಸಿಗೆ, ಗಾಲಿಕುರ್ಚಿ, ಕಮೋಡ್ ಕುರ್ಚಿಗಳನ್ನು ಅವಳಾಗಿಯೇ ಕೊಟ್ಟರೆ ತೆಗೆದುಕೊಳ್ಳಿ. ಹಾಸಿಗೆಯ ಪಂಪು ಒಂದು ರಾತ್ರಿ ಓಡಿಸಿ ನೋಡಿದ ಮೇಲೆ ಮುಂದಿನ ಮನೆಗೆ ಕೊಡಿ. ಉಳಿದ ಮಾತ್ರೆಗಳನ್ನು ಮಾತ್ರ ಯಾರಿಗೂ ದಾಟಿಸಬೇಡಿ.