ರಕ್ತಕಣದಷ್ಟು ದೊಡ್ಡ ಹೋರಿ

ಹಲ್ಲಿನ ಡಾಕ್ಟರು ಹುಳುಕು ಹಲ್ಲಿಗೆ ಬಿಳಿ ಫಿಲ್ಲಿಂಗ್ ತುಂಬಿ, ಅದರ ಮೇಲೆ ನೀಲಿ ಬೆಳಕು ಬಿಡುವುದನ್ನು ನೀವು ನೋಡಿರಬಹುದು. ಕೆಲವೇ ಸೆಕೆಂಡಿನಲ್ಲಿ ಅದು ಗಟ್ಟಿಯಾಗುತ್ತದೆ. ಬೆಳಕು ತಾಗಿದರೆ ಗಟ್ಟಿಯಾಗುವ ಇಂಥದ್ದೇ ದ್ರವಗಳಿಂದ ವಿಜ್ಞಾನಿಗಳು ಕೂದಲಿಗಿಂತ ಸಣ್ಣ ವಸ್ತುಗಳನ್ನು ಮುದ್ರಿಸುತ್ತಾರೆ.

ಆದರೆ ಇಲ್ಲೊಂದು ತೊಡಕಿದೆ. ಮಾಮೂಲಿ ಬೆಳಕು ದ್ರವದೊಳಗೆ ಹೋದ ದಾರಿಯನ್ನೆಲ್ಲ ಗಟ್ಟಿ ಮಾಡಿಬಿಡುತ್ತದೆ. ಮಧ್ಯದ ಒಂದೇ ಒಂದು ಚುಕ್ಕೆ ಗಟ್ಟಿಯಾಗಬೇಕು, ಸುತ್ತಲಿನದು ಹಾಗೇ ಉಳಿಯಬೇಕು ಅಂದರೆ ಏನು ಮಾಡುವುದು?

ಇದಕ್ಕೆ ಬೇಕಾದ ವಿಚಾರ ಲೇಸರ್ ಹುಟ್ಟುವ ಮೊದಲೇ ಸಿಕ್ಕಿತ್ತು. ಜರ್ಮನಿಯ ಗಟಿಂಗೆನ್‌ನಲ್ಲಿ ಓದಿದ ಮರಿಯಾ ಗೆಪರ್ಟ್ ಮೇಯರ್ ಅವರ ಪಿಎಚ್‌ಡಿ ಪ್ರಬಂಧ 1931ರಲ್ಲಿ ಪ್ರಕಟವಾಯಿತು. ಬೆಳಕಿನ ಎರಡು ಕಣಗಳನ್ನು, ಅಂದರೆ ಎರಡು ಫೋಟಾನ್‌ಗಳನ್ನು, ಒಂದು ಪರಮಾಣು ಒಟ್ಟಿಗೇ ಹೀರಿಕೊಳ್ಳಬಹುದು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಅದನ್ನು ಪರೀಕ್ಷಿಸುವಷ್ಟು ತೀವ್ರವಾದ ಬೆಳಕು ಆಗ ಯಾರ ಬಳಿಯೂ ಇರಲಿಲ್ಲ. 1960ರಲ್ಲಿ ಲೇಸರ್ ಬಂತು. ಮರುವರ್ಷವೇ ಅವರ ಮಾತು ನಿಜವೆಂದು ಪ್ರಯೋಗದಲ್ಲಿ ಕಂಡಿತು. 1963ರಲ್ಲಿ ಅವರಿಗೆ ನೊಬೆಲ್ ಸಿಕ್ಕಿದ್ದು ಪರಮಾಣು ಬೀಜದ ಬಗ್ಗೆ ಮಾಡಿದ ಬೇರೆ ಕೆಲಸಕ್ಕೆ. ನನಗಂತೂ ಅವರ ಈ ಮೊದಲ ಕೆಲಸವೂ ಅಷ್ಟೇ ದೊಡ್ಡದು.

ಮುದ್ರಣಕ್ಕೆ ಬಳಸುವುದು ಸುಮಾರು 780 ನ್ಯಾನೋಮೀಟರ್ ತರಂಗದ ಲೇಸರ್. ಇದರ ಒಂದು ಫೋಟಾನ್‌ಗೆ ದ್ರವವನ್ನು ಗಟ್ಟಿ ಮಾಡುವ ಶಕ್ತಿ ಇಲ್ಲ. ಎರಡು ಒಟ್ಟಿಗೆ ಬಂದು ತಾಗಿದರೆ ಆಗುತ್ತದೆ. ಹಾಗೆ ಒಟ್ಟಿಗೆ ಬರಬೇಕಾದರೆ ಫೋಟಾನ್‌ಗಳ ನೂಕುನುಗ್ಗಲು ಇರಬೇಕು, ಅಲ್ವಾ? ಅದು ಇರುವುದು ಮಸೂರ ಬೆಳಕನ್ನು ಕೂಡಿಸುವ ಬಿಂದುವಿನಲ್ಲಿ ಮಾತ್ರ. ತೀವ್ರತೆ ಅರ್ಧಕ್ಕೆ ಇಳಿದರೆ ಈ ಕ್ರಿಯೆ ಕಾಲು ಭಾಗಕ್ಕೆ ಕುಸಿಯುತ್ತದೆ. ಹಾಗಾಗಿ ಬಿಂದುವಿನಿಂದ ಸ್ವಲ್ಪ ಆಚೆ ಹೋದರೂ ದ್ರವ ದ್ರವವಾಗಿಯೇ ಉಳಿಯುತ್ತದೆ. ನೂಕುನುಗ್ಗಲು ಜಾಸ್ತಿ ಮಾಡಲು ಲೇಸರನ್ನು ಚಿಕ್ಕ ಚಿಕ್ಕ ಮಿಡಿತಗಳಲ್ಲಿ ಬಿಡುತ್ತಾರೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಕೋಟಿ ಚೂರು ಮಾಡಿದರೆ ಒಂದು ಚೂರು ಎಷ್ಟೋ, ಒಂದು ಮಿಡಿತ ಹೆಚ್ಚುಕಡಿಮೆ ಅಷ್ಟು. ಬಿಂದುವನ್ನು ಬೇಕಾದ ಹಾಗೆ ಓಡಾಡಿಸಿ, ಕೊನೆಗೆ ಉಳಿದ ದ್ರವವನ್ನು ತೊಳೆದುಬಿಟ್ಟರೆ ಆಕಾರ ಕೈಗೆ ಸಿಗುತ್ತದೆ.

2001ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಸತೋಶಿ ಕವಾಟ ಅವರ ತಂಡ ಹೀಗೇ ಒಂದು ಹೋರಿ ಮಾಡಿತು. ಉದ್ದ 10 ಮೈಕ್ರೋಮೀಟರ್. ಕೊಂಬು, ಬಾಲ ಎಲ್ಲ ಇದ್ದರೂ ಅದು ನಮ್ಮ ಕೆಂಪು ರಕ್ತಕಣಕ್ಕಿಂತ ಸ್ವಲ್ಪವೇ ದೊಡ್ಡದು.

ನನಗೆ ಹೆಚ್ಚು ಇಷ್ಟವಾದ ಪ್ರಯೋಗ ಜರ್ಮನಿಯ ಕಾರ್ಲ್ಸ್‌ರೂಹ ನಗರದ್ದು. ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಸಾಮಾನ್ಯವಾಗಿ ಚಪ್ಪಟೆ ತಟ್ಟೆಯಲ್ಲಿ ಬೆಳೆಸುತ್ತಾರೆ. ದೇಹದೊಳಗೆ ಅಂಥ ಚಪ್ಪಟೆ ನೆಲ ಎಲ್ಲಿದೆ? ಅಲ್ಲಿನ ಸಂಶೋಧಕರು ಬಳುಕುವ ತೊಲೆಗಳ ಪುಟ್ಟ ಚೌಕಟ್ಟು ಮುದ್ರಿಸಿ, ಅದರಲ್ಲಿ ಕೋಳಿಯ ಹೃದಯದ ಜೀವಕೋಶಗಳನ್ನು ಬೆಳೆಸಿದರು. ಕೋಶ ಮಿಡಿದಾಗ ತೊಲೆ ಬಾಗುತ್ತದೆ. ಎಷ್ಟು ಬಾಗಿತು ಎಂದು ನೋಡಿ ಕೋಶದ ಬಲವನ್ನು ಲೆಕ್ಕ ಹಾಕಬಹುದು. 2016ರಲ್ಲಿ ಸ್ಟುಟ್‌ಗಾರ್ಟ್‌ನ ತಂಡವೊಂದು ಬೆಳಕನ್ನು ಸಾಗಿಸುವ ಗಾಜಿನ ಎಳೆಯ (ಆಪ್ಟಿಕಲ್ ಫೈಬರ್) ತುದಿಯಲ್ಲೇ ಹಲವು ಮಸೂರಗಳ ಜೋಡಣೆಯನ್ನು ಮುದ್ರಿಸಿತು. ದೇಹದೊಳಗೆ ಇಳಿಸುವ ಅತಿ ಸಣ್ಣ ಕ್ಯಾಮೆರಾಗಳಿಗೆ ಇದು ದಾರಿ.

ಇದರ ದೊಡ್ಡ ಮಿತಿ ನಿಧಾನ. ಚುಕ್ಕೆ ಚುಕ್ಕೆಯಾಗಿ ಬರೆಯಬೇಕಲ್ಲ! 2012ರಲ್ಲಿ ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದವರು 0.3 ಮಿಲಿಮೀಟರ್‌ಗಿಂತ ಚಿಕ್ಕ ರೇಸ್ ಕಾರೊಂದನ್ನು 4 ನಿಮಿಷದಲ್ಲಿ ಮುದ್ರಿಸಿದಾಗ ಅದು ದೊಡ್ಡ ಸುದ್ದಿಯಾಯಿತು. 2020ರಲ್ಲಿ ಕಾರ್ಲ್ಸ್‌ರೂಹದವರು ಒಂದೇ ಲೇಸರನ್ನು 9 ಕಿರಣಗಳಾಗಿ ಒಡೆದು, 9 ಬಿಂದುಗಳಿಂದ ಒಟ್ಟಿಗೇ ಬರೆದು ತೋರಿಸಿದರು.